ಎಣಿಕೆ ಬೇರೆ, ಅಳತೆ ಬೇರೆ

ಗೋಡೆಯ ಗಡಿಯಾರದ ಸೆಲ್ಲು ಸೊರಗಿದಾಗ ಕಾಣುವ ವಿಚಿತ್ರವೊಂದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಗಮನಿಸಿರಬಹುದು. ಸೆಕೆಂಡಿನ ಮುಳ್ಳು ಒಂಬತ್ತರ ಅಂಕೆಯ ಆಸುಪಾಸಿನಲ್ಲಿ ಮೇಲಕ್ಕೆ ಏರಲಾರದೆ, ನಿಂತ ನೆಲೆಯಲ್ಲಿಯೇ ಮಿಡುಕುತ್ತಿರುತ್ತದೆ. ಒಳಗಿರುವ ಸ್ಫಟಿಕವಾದರೋ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತ ತನ್ನ ಕಾರ್ಯವನ್ನು ಲೋಪವಿಲ್ಲದೆ ನಡೆಸಿಯೇ ಇರುತ್ತದೆ. ಆ ಕಂಪನಗಳನ್ನು ಎಣಿಸಿ ಸೆಕೆಂಡಿಗೊಂದು ವಿದ್ಯುತ್ ಮಿಡಿತವನ್ನು ಕಳುಹಿಸುವ ಬಿಲ್ಲೆಯೂ ತನ್ನ ಕೆಲಸವನ್ನು ಬಿಟ್ಟಿಲ್ಲ. ಎಣಿಕೆ ಸರಿಯಾಗಿದೆ; ಮುಳ್ಳು ಮಾತ್ರ ಹೋಗಬೇಕಾದ ಸ್ಥಳಕ್ಕೆ ಹೋಗಿಲ್ಲ. ಎಣಿಸುತ್ತಿರುವ ಬಿಲ್ಲೆಗೆ ಈ ಸಂಗತಿ ತಿಳಿಯುವ ಮಾರ್ಗವೇ ಇಲ್ಲ.

ಆ ಗಡಿಯಾರದೊಳಗೆ ಇರುವುದು ಸ್ಟೆಪ್ಪರ್ ಮೋಟಾರು ಎಂಬ ಯಂತ್ರದ ಅತಿ ಚಿಕ್ಕ ರೂಪ. ಹೆಜ್ಜೆ ಹಾಕುವ ಮೋಟಾರು ಎಂದು ಕನ್ನಡದಲ್ಲಿ ಹೇಳಿದರೆ ಅರ್ಥ ಸ್ಪಷ್ಟವಾಗುತ್ತದೆ. ಫ್ಯಾನಿನ ಮೋಟಾರಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಸುತ್ತುತ್ತಲೇ ಇರುವುದು. ಎಷ್ಟು ಸುತ್ತಿತೆಂಬುದನ್ನು ಯಾರೂ ಕೇಳುವುದಿಲ್ಲ. ಸ್ಟೆಪ್ಪರ್ ಮೋಟಾರು ಹಾಗಲ್ಲ. ಒಂದು ಮಿಡಿತ ಬಂದರೆ ಒಂದು ಹೆಜ್ಜೆ, ಮಿಡಿತ ನಿಂತರೆ ಅಲ್ಲಿಯೇ ಬಿಗಿಯಾಗಿ ನಿಲ್ಲುವುದು. ಸಾಮಾನ್ಯವಾಗಿ ದೊರೆಯುವ ಮೋಟಾರುಗಳಲ್ಲಿ ತಿರುಗುವ ಭಾಗಕ್ಕೆ 50 ಹಲ್ಲುಗಳಿರುತ್ತವೆ. ಸುತ್ತಲಿನ ತಂತಿಸುರುಳಿಗಳಿಗೆ ನಾಲ್ಕು ಬಗೆಯಾಗಿ ಸರದಿಯ ಮೇಲೆ ವಿದ್ಯುತ್ತು ಹರಿಸಿದಾಗ ಅದು ಒಂದು ಹಲ್ಲಿನಷ್ಟು ಮುಂದಕ್ಕೆ ಜರುಗುವುದು. ನಾಲ್ಕು ಐವತ್ತಲೆ ಇನ್ನೂರು. ಆದುದರಿಂದ ಒಂದು ಸುತ್ತಿಗೆ 200 ಹೆಜ್ಜೆ, ಒಂದೊಂದು ಹೆಜ್ಜೆಗೆ 1.8 ಡಿಗ್ರಿ.

ಈಗ ಆ ಮೋಟಾರಿನ ದಂಡಕ್ಕೆ ಉದ್ದವಾದ ಒಂದು ತಿರುಪನ್ನು ಜೋಡಿಸಿ, ತಿರುಪಿನ ಮೇಲೆ ಒಂದು ನಟ್ಟನ್ನು ಏರಿಸಿ, ನಟ್ಟು ತಾನೇ ಸುತ್ತದಂತೆ ಎರಡು ಕಂಬಿಗಳ ಮೇಲೆ ಕುಳಿತ ಒಂದು ಮಣೆಗೆ ಅದನ್ನು ಬಂಧಿಸಿರೆಂದು ಭಾವಿಸೋಣ. ತಿರುಪು ಸುತ್ತಿದರೆ ಮಣೆ ನೇರವಾಗಿ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಇಂಜಿನಿಯರರು ಇದನ್ನು ಲೀನಿಯರ್ ಸ್ಟೇಜ್ ಎನ್ನುವರು. ನಾವು ಸರಿಯುವ ಮಣೆ ಎನ್ನೋಣ. ತಿರುಪಿನ ಎರಡು ಎಳೆಗಳ ನಡುವಣ ಅಂತರ 1 ಮಿಲಿಮೀಟರ್ ಇದ್ದರೆ ಒಂದು ಸುತ್ತಿಗೆ ಮಣೆ 1 ಮಿಲಿಮೀಟರ್ ಸರಿಯುವುದು. ಒಂದು ಹೆಜ್ಜೆಗೆ ಅದರ ಇನ್ನೂರರಲ್ಲಿ ಒಂದು ಪಾಲು, ಎಂದರೆ 0.005 ಮಿಲಿಮೀಟರ್. ನಮ್ಮ ತಲೆಗೂದಲಿನ ದಪ್ಪ ಇದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು.

ಇದು ಹೊಸದೆಂದು ಯಾರೂ ಬೆರಗಾಗಬೇಕಾದುದಿಲ್ಲ. ನಮ್ಮ ವಿಜ್ಞಾನದ ಕೋಣೆಯ ಕಪಾಟಿನಲ್ಲಿರುವ ಸ್ಕ್ರೂಗೇಜನ್ನು ನೆನಪಿಗೆ ತಂದುಕೊಳ್ಳಿರಿ. ಒಂದು ಸುತ್ತಿಗೆ 1 ಮಿಲಿಮೀಟರ್, ತಲೆಯ ಮೇಲೆ 100 ಭಾಗ, ಆದುದರಿಂದ ಕನಿಷ್ಠ ಅಳತೆ 0.01 ಮಿಲಿಮೀಟರ್ ಎಂದು ನೀವು ಬಾಯಿಪಾಠ ಮಾಡಿದ್ದೀರಿ. ಸರಿಯುವ ಮಣೆ ಎಂದರೆ ಬೆರಳಿನ ಬದಲು ಮೋಟಾರು ಸುತ್ತಿಸುವ ಸ್ಕ್ರೂಗೇಜು, ಅಷ್ಟೇ. ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ, ಎಷ್ಟು ವೇಗದಿಂದ ಎಂಬುದನ್ನು ಹೇಳುವುದು ಕಂಪ್ಯೂಟರಿನ ಕೆಲಸ. ಹಳೆಯ ಪ್ರಿಂಟರುಗಳಲ್ಲಿ ಶಾಯಿಯ ತಲೆ ಎಡದಿಂದ ಬಲಕ್ಕೆ ಓಡುವುದು ಇದರ ಸಹೋದರ ಯಂತ್ರದಿಂದಲೇ. ಅಲ್ಲಿ ತಿರುಪಿನ ಬದಲು ಹಲ್ಲಿನ ಪಟ್ಟಿ ಇರುವುದು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರವಿಟ್ಟು ವಸ್ತುವನ್ನು ಕಟ್ಟುವ ತ್ರೀಡಿ ಪ್ರಿಂಟರಿನಲ್ಲಿ ಇಂತಹ ಮಣೆಗಳು ಮೂರು ದಿಕ್ಕಿಗೂ ಇರುತ್ತವೆ. ದವಾಖಾನೆಯ ತೀವ್ರನಿಗಾ ವಿಭಾಗದಲ್ಲಿ ರೋಗಿಯ ಮಗ್ಗುಲಿಗೆ ನಿಂತು, ಸಿರಿಂಜಿನ ಹಿಡಿಕೆಯನ್ನು ಗಂಟೆಗಟ್ಟಲೆ ಅತಿ ನಿಧಾನವಾಗಿ ಒತ್ತುತ್ತ ಔಷಧವನ್ನು ರಕ್ತಕ್ಕೆ ಸೇರಿಸುವ ಪಂಪಿನಲ್ಲಿಯೂ ಸಾಮಾನ್ಯವಾಗಿ ಇರುವುದು ಒಂದು ಸ್ಟೆಪ್ಪರ್ ಮೋಟಾರು, ಒಂದು ತಿರುಪು. ಅಲ್ಲಿ ಹೆಜ್ಜೆ ತಪ್ಪಿದರೆ ಪರಿಣಾಮವೇನೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಪೀಠಿಕೆ ಹಾಕುವುದಕ್ಕೆ ಕಾರಣವಿದೆ. ಕೆಲವು ದಿನಗಳ ಹಿಂದೆ ಈ ನಗರದ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾವು ಹೋಗಿದ್ದೆವು. ಶಾಲೆಯ ಹೆಸರು ಇಲ್ಲಿ ಅಪ್ರಸ್ತುತ. ಮೇಜಿನ ಮೇಲೆ ಒಂದು ಸುಂದರವಾದ ಸರಿಯುವ ಮಣೆ ಇತ್ತು. ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಭಾಗಗಳನ್ನು ಜೋಡಿಸಿ ಮಾಡಿದ್ದು. ಮಕ್ಕಳು ಒತ್ತುಗುಂಡಿಯನ್ನು ಒತ್ತಿದರು, ಮಣೆ ಝೇಂಕರಿಸುತ್ತ ಸರಿಯಿತು, ನೆರೆದವರು ಚಪ್ಪಾಳೆ ತಟ್ಟಿದರು. ಎಷ್ಟು ದೂರ ಸರಿಯಿತೆಂದು ನಾವು ಕೇಳಿದೆವು. "ಐವತ್ತು ಮಿಲಿಮೀಟರ್ ಸರ್, ಪರದೆಯ ಮೇಲೆ ಬಂದಿದೆ ನೋಡಿರಿ" ಎಂದು ಒಬ್ಬ ಹುಡುಗ ಹೆಮ್ಮೆಯಿಂದ ತೋರಿಸಿದನು. ಅಳೆದು ನೋಡಿದಿರಾ ಎಂದರೆ ಆ ತಂಡದವರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿದರು. ಹದಿನೈದು ರೂಪಾಯಿಯ ಉಕ್ಕಿನ ಪಟ್ಟಿಯೊಂದು ಆ ಮೇಜಿನ ಮೇಲೆ ಇರಲಿಲ್ಲ. ತೀರ್ಪುಗಾರರೂ ಅದನ್ನು ಕೇಳಿದಂತೆ ಕಾಣಲಿಲ್ಲ. ಆ ಹುಡುಗರಲ್ಲಿ ದೋಷವಿಲ್ಲ. ಪರದೆಯ ಮೇಲೆ ಬಂದುದನ್ನು ಪ್ರಮಾಣವೆಂದು ನಂಬುವಂತೆ ಅವರಿಗೆ ಕಲಿಸಿದವರು ಹಿರಿಯರು. ಪರದೆ ಹೇಳಿದ್ದು ತಾನು ಕಳುಹಿಸಿದ ಮಿಡಿತಗಳ ಲೆಕ್ಕವನ್ನು. ಮಣೆ ಸರಿದ ದೂರವನ್ನಲ್ಲ.

ಎಣಿಕೆ ಬೇರೆ, ಅಳತೆ ಬೇರೆ ಎಂಬ ಈ ಭೇದವನ್ನು ಕಲಿಸದ ಕಂಪ್ಯೂಟರ್ ಶಿಕ್ಷಣ ಅರ್ಧ ಶಿಕ್ಷಣವೆಂದು ನಮ್ಮ ದೃಢವಾದ ಅಭಿಪ್ರಾಯ. ಈ ಮಾತು ಅನ್ಯತ್ರಕ್ಕಿಂತ ಹೈದರಾಬಾದಿನಲ್ಲಿ ಹೆಚ್ಚು ಅನ್ವಯಿಸುತ್ತದೆ. ಇಲ್ಲಿ ಕಂಪ್ಯೂಟರ್ ಎಂದೊಡನೆ ಎಲ್ಲರ ಕಣ್ಣು ಪಶ್ಚಿಮಕ್ಕೆ ಹೊರಳುತ್ತದೆ. 1998ರಲ್ಲಿ ಸೈಬರ್ ಟವರ್ಸ್ ತೆರೆದಂದಿನಿಂದ ಗಾಜಿನ ಕಟ್ಟಡ, ತಂಪುಕೋಣೆ, ಪರದೆಯ ಮುಂದಿನ ಕುರ್ಚಿ, ಇವೇ ಕಂಪ್ಯೂಟರಿನ ಚಿತ್ರವಾಗಿ ಉಳಿದಿವೆ. ಆದರೆ ಈ ಊರಿನಲ್ಲಿ ಅದಕ್ಕಿಂತ ಬಹು ಹಿಂದೆಯೇ ಲೋಹವನ್ನು ನಿಖರವಾಗಿ ಕಡೆಯುವ ವಿದ್ಯೆ ಬೇರೂರಿತ್ತು. ಸಿಕಂದರಾಬಾದಿನಲ್ಲಿ ಪ್ರಾಗಾ ಟೂಲ್ಸ್ ಎಂಬ ಯಂತ್ರೋಪಕರಣಗಳ ಕಾರ್ಖಾನೆ 1943ರಲ್ಲಿ ಆರಂಭವಾಯಿತು. 1967ರಲ್ಲಿ ಎ. ಎಸ್. ರಾವ್ ಅವರ ನೇತೃತ್ವದಲ್ಲಿ ಇ.ಸಿ.ಐ.ಎಲ್. ಸ್ಥಾಪಿತವಾಗಿ, 1969ರಲ್ಲಿಯೇ ಟಿ.ಡಿ.ಸಿ.-12 ಎಂಬ ಗಣಕಯಂತ್ರವನ್ನು ನಿರ್ಮಿಸಿತು. 1968ರಲ್ಲಿ ಬಾಲಾನಗರದಲ್ಲಿ ಕೇಂದ್ರ ಸರ್ಕಾರದ ಟೂಲ್ ಡಿಸೈನ್ ಸಂಸ್ಥೆ ತೆರೆಯಿತು. ಹತ್ತನೆಯ ತರಗತಿ ಮುಗಿಸಿದವರು ಅಲ್ಲಿ ಅಚ್ಚು ಮತ್ತು ಉಪಕರಣಗಳ ನಿರ್ಮಾಣದಲ್ಲಿ ನಾಲ್ಕು ವರ್ಷಗಳ ಡಿಪ್ಲೊಮಾ ಓದಬಹುದು. ಬಾಲಾನಗರ, ಜೀಡಿಮೆಟ್ಲಗಳ ಶೆಡ್ಡುಗಳಲ್ಲಿ ಇಂದು ಕಂಪ್ಯೂಟರಿನ ಆಜ್ಞೆಯಂತೆ ಚಲಿಸುವ ಯಂತ್ರಗಳು ಉಕ್ಕನ್ನು ಕೊರೆಯುತ್ತಿವೆ. ಅಮೆರಿಕೆಯ ಎಂ.ಐ.ಟಿ.ಯಲ್ಲಿ 1952ರಲ್ಲಿ ಮೊದಲು ತೋರಿಸಲ್ಪಟ್ಟ ಸಂಖ್ಯಾನಿಯಂತ್ರಿತ ಯಂತ್ರದ ಸಂತತಿ ಇವು. ರಾಯದುರ್ಗದಲ್ಲಿ (ಬಳ್ಳಾರಿಯ ಮಗ್ಗುಲಿನದಲ್ಲ, ಈ ಊರಿನ ಪಶ್ಚಿಮದಲ್ಲಿರುವುದು) 2023ರ ಮಾರ್ಚಿನಲ್ಲಿ ಟಿ-ವರ್ಕ್ಸ್ ಎಂಬ ಸರ್ಕಾರಿ ಕಾರ್ಯಶಾಲೆಯೂ ತೆರೆದಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆಯವರು ರಾಯಚೂರು, ಯಾದಗಿರಿ, ಬೀದರದ ಕಡೆಯಿಂದ ದುಡಿಮೆಗಾಗಿ ಬಂದವರು. ಲೇತಿನ ಮುಂದೆ ನಿಲ್ಲುವವರೂ ಅವರಲ್ಲಿದ್ದಾರೆ. ಮಗ ಗಾಜಿನ ಕಟ್ಟಡಕ್ಕೆ ಹೋಗಲೆಂದು ಅವರು ಆಶಿಸುವುದು ಸಹಜ. ಆದರೆ ಕಂಪ್ಯೂಟರಿನ ವಿದ್ಯೆ ತಂದೆಯ ಶೆಡ್ಡಿನಲ್ಲಿಯೂ ಇದೆ ಎಂಬುದನ್ನು ಮಗನಿಗೆ ಹೇಳುವವರು ಯಾರು?

ಅಳತೆಯ ವಿಷಯದಲ್ಲಿ ಈ ಊರಿಗೆ ಇನ್ನೂ ಹಳೆಯದಾದ ಒಂದು ಹಿರಿಮೆ ಉಂಟು. ನವಾಬ್ ಜಾಫರ್ ಜಂಗ್ ಅವರು 1901ರಲ್ಲಿ ಆರಂಭಿಸಿದ ನಿಜಾಮಿಯಾ ವೀಕ್ಷಣಾಲಯ ಮುಂದೆ ಬೇಗಂಪೇಟೆಯ ಗುಡ್ಡಕ್ಕೆ ಬಂದಿತು. ಆಕಾಶವನ್ನೆಲ್ಲ ಛಾಯಾಚಿತ್ರಗಳಲ್ಲಿ ಹಿಡಿದು ನಕ್ಷತ್ರಪಟ್ಟಿಯನ್ನು ಸಿದ್ಧಪಡಿಸುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಅದೂ ಭಾಗವಹಿಸಿ, ಏಳು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ನಿರ್ಣಯಿಸಿತು. ಗಾಜಿನ ಫಲಕದ ಮೇಲಿನ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಕಣ್ಣಿಟ್ಟು ಅಳೆದು ಬರೆದುಕೊಂಡ ಕೆಲಸವಿದು. ಆ ದಿನಗಳಲ್ಲಿ ಕಂಪ್ಯೂಟರ್ ಎಂಬ ಶಬ್ದ ಯಂತ್ರಕ್ಕೆ ಇರಲಿಲ್ಲ. ಇಂತಹ ವೀಕ್ಷಣಾಲಯಗಳಲ್ಲಿ ಲೆಕ್ಕ ಮಾಡಲು ಕುಳಿತ ಮನುಷ್ಯನನ್ನೇ ಹಾಗೆ ಕರೆಯುತ್ತಿದ್ದರು. ಲೆಕ್ಕವನ್ನು ಮಾಡುವವನ ಮುಂದೆ ಅಳತೆಯ ಪುಸ್ತಕ ಇದ್ದೇ ಇರುತ್ತಿತ್ತು. ಈಗ ಲೆಕ್ಕದ ಯಂತ್ರ ಉಳಿದು ಅಳತೆಯ ಪುಸ್ತಕ ಕಾಣೆಯಾಗಿದೆ.

ಇರಲಿ. ನಾವು ಹೇಳುವುದನ್ನು ಒಂದು ಉದಾಹರಣೆಯಿಂದ ಸ್ಥಾಪಿಸುವೆವು. ಕೋಠಿಯ ಗುಜರಾತಿ ಗಲ್ಲಿಯ ಅಂಗಡಿಗಳಲ್ಲಿ 28ಬಿವೈಜೆ-48 ಎಂಬ ಹೆಸರಿನ, ಐದು ವೋಲ್ಟಿನಲ್ಲಿ ನಡೆಯುವ, ಪೇಡೆಯ ಗಾತ್ರದ ಅಗ್ಗದ ಸ್ಟೆಪ್ಪರ್ ಮೋಟಾರು ದೊರೆಯುತ್ತದೆ. ಇದರ ಒಳಗೆ ಪುಟ್ಟ ಹಲ್ಲುಚಕ್ರಗಳಿದ್ದು, ಒಳಗಿನ ಮೋಟಾರು ಸುಮಾರು 64 ಸುತ್ತು ಸುತ್ತಿದರೆ ಹೊರಗಿನ ದಂಡ ಒಂದು ಸುತ್ತು ಸುತ್ತುವುದು. ಒಳಗಿನ ಒಂದು ಸುತ್ತಿಗೆ 64 ಅರ್ಧಹೆಜ್ಜೆ. ಆದುದರಿಂದ ಹೊರಗಿನ ಒಂದು ಸುತ್ತಿಗೆ 64 ಗುಣಿಲೆ 64, ಎಂದರೆ 4096 ಅರ್ಧಹೆಜ್ಜೆ ಎಂದು ಮಾಹಿತಿಪತ್ರವೂ ಹೇಳುವುದು, ಅಂತರ್ಜಾಲದ ಬಹುಪಾಲು ಪಾಠಗಳೂ ಹೇಳುವುವು. ಈ ಮೋಟಾರಿಗೆ ರಾಣಿಗಂಜಿನಲ್ಲಿ ಸಿಗುವ 6 ಮಿಲಿಮೀಟರ್ ದಪ್ಪದ, 1 ಮಿಲಿಮೀಟರ್ ಅಂತರದ ತಿರುಪುಸಲಾಕೆಯನ್ನು ಜೋಡಿಸಿ, 100 ಮಿಲಿಮೀಟರ್ ಸರಿಯುವುದಕ್ಕೆಂದು 4,09,600 ಅರ್ಧಹೆಜ್ಜೆಗಳ ಆಜ್ಞೆಯನ್ನು ಕೊಡಿರಿ. ಮೋಟಾರು ಮಂದಗತಿಯದು, ಹತ್ತು ನಿಮಿಷವಾದರೂ ಹಿಡಿದೀತು, ಆ ಹೊತ್ತಿನಲ್ಲಿ ಬೇಕಾದರೆ ಒಂದು ಪದ್ಯವನ್ನು ಕಂಠಪಾಠ ಮಾಡಿಕೊಳ್ಳಬಹುದು. ಮಣೆ ನಿಂತ ಮೇಲೆ ಉಕ್ಕಿನ ಪಟ್ಟಿಯಿಂದ ಅಳೆಯಿರಿ. ನೂರಕ್ಕೆ ಬದಲಾಗಿ ಸುಮಾರು ನೂರೂವರೆ ಮಿಲಿಮೀಟರ್ ಬರುವ ಸಂಭವ ಬಹಳ.

ಅರ್ಧ ಮಿಲಿಮೀಟರ್ ಎಲ್ಲಿಂದ ಬಂದಿತು? ಈ ಪ್ರಶ್ನೆ ಹುಟ್ಟಿದ ಕ್ಷಣದಲ್ಲಿಯೇ ವಿಜ್ಞಾನ ಆರಂಭವಾಗುವುದೆಂದು ನಾವು ತಿಳಿದಿದ್ದೇವೆ. ಮೋಟಾರಿನ ಮುಚ್ಚಳವನ್ನು ಬಿಚ್ಚಿ ಚಕ್ರಗಳ ಹಲ್ಲುಗಳನ್ನು ಎಣಿಸಿದವರು ಕಂಡುಕೊಂಡ ಸಂಗತಿ ಹೀಗಿದೆ: ಹಲವು ಮೋಟಾರುಗಳಲ್ಲಿ ದೊಡ್ಡ ಚಕ್ರಗಳಿಗೆ 32, 26, 31, 22 ಹಲ್ಲುಗಳೂ ಅವುಗಳನ್ನು ತಿರುಗಿಸುವ ಚಿಕ್ಕವಕ್ಕೆ 9, 9, 10, 11 ಹಲ್ಲುಗಳೂ ಇವೆ. ದೊಡ್ಡವನ್ನೆಲ್ಲ ಗುಣಿಸಿದರೆ 5,67,424, ಚಿಕ್ಕವನ್ನೆಲ್ಲ ಗುಣಿಸಿದರೆ 8,910, ಭಾಗಿಸಿದರೆ 63.68. ನಿಜವಾದ ಅನುಪಾತ 64 ಅಲ್ಲ! ಅದನ್ನು 64ರಿಂದ ಗುಣಿಸಿದರೆ ಸುತ್ತಿಗೆ 4096ರ ಬದಲು ಸುಮಾರು 4076 ಅರ್ಧಹೆಜ್ಜೆ. ಸುತ್ತಿಗೆ ಇಪ್ಪತ್ತು ಹೆಚ್ಚಾಗಿ ಕೊಟ್ಟ ಹೆಜ್ಜೆಗಳು ನೂರು ಸುತ್ತುಗಳಲ್ಲಿ ಕೂಡಿಕೂಡಿ ಅರ್ಧ ಮಿಲಿಮೀಟರ್ ಆದುವು. ಇಷ್ಟಕ್ಕೂ ಬೇಕಾದುದು ಏಳನೆಯ ತರಗತಿಯ ಗಣಿತ. ಪರದೆಯನ್ನು ನಂಬಿ ಕುಳಿತವನಿಗೆ ಈ ಆನಂದವಿಲ್ಲ. ಹದಿನೈದು ರೂಪಾಯಿಯ ಪಟ್ಟಿಯಿಂದ ಅಚ್ಚಾದ ಮಾಹಿತಿಪತ್ರವನ್ನು ತಿದ್ದಬಹುದೆಂದು ಒಮ್ಮೆ ಕಂಡುಕೊಂಡ ಬಾಲಕಿ ಮುಂದೆ ಯಾವ ಪುಸ್ತಕದ ಮುಂದೆಯೂ, ಯಾವ ಭಾಷೆಯ ಪುಸ್ತಕದ ಮುಂದೆಯೂ, ತಲೆತಗ್ಗಿಸಿ ಕೂಡಳು.

ಇನ್ನುಳಿದ ದೋಷಗಳೂ ಉಂಟು. ನಟ್ಟಿಗೂ ತಿರುಪಿಗೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುವುದರಿಂದ ದಿಕ್ಕು ಬದಲಿಸಿದಾಗ ಮೊದಲ ಕೆಲವು ಹೆಜ್ಜೆಗಳು ಆ ಸಡಿಲವನ್ನು ತುಂಬುವುದರಲ್ಲಿಯೇ ಕಳೆದುಹೋಗುತ್ತವೆ. ಮೋಟಾರು ಸುತ್ತುವುದು, ಮಣೆ ಕದಲದು. ಸ್ಕ್ರೂಗೇಜನ್ನು ಒಂದೇ ದಿಕ್ಕಿಗೆ ತಿರುಗಿಸಿ ಓದಿಕೊಳ್ಳಬೇಕೆಂದು ಪ್ರಯೋಗದ ತರಗತಿಯಲ್ಲಿ ಹೇಳುವುದು ಇದಕ್ಕಾಗಿಯೇ. ನಿಂತ ಮೋಟಾರಿಗೆ ಒಮ್ಮೆಲೇ ಅತಿ ವೇಗದ ಮಿಡಿತಗಳನ್ನು ಕಳುಹಿಸಿದರೆ, ಅಥವಾ ಹೊರೆ ಅತಿಯಾದರೆ, ಅದು ಹೆಜ್ಜೆಗಳನ್ನು ತಪ್ಪಿಸುತ್ತದೆ; ಮೊದಲಿಗೆ ಹೇಳಿದ ಗಡಿಯಾರದ ಮುಳ್ಳಿನ ಗತಿ ಅದರದೂ. ಬಲ್ಲವರು ಬಂಡಿಯ ಎತ್ತುಗಳನ್ನು ಎಬ್ಬಿಸುವಂತೆ ನಿಧಾನವಾಗಿ ಹೊರಡಿಸಿ ಮೆಲ್ಲಗೆ ವೇಗವೇರಿಸುವರು. ವಿದ್ಯುತ್ತು ಹೋಗಿ ಬಂದರೆ ಮಣೆ ಎಲ್ಲಿದೆಯೆಂಬುದು ಕಂಪ್ಯೂಟರಿಗೆ ಸರ್ವಥಾ ತಿಳಿಯದು. ಆದುದರಿಂದ ಒಂದು ತುದಿಯಲ್ಲಿ ಸಣ್ಣ ಸ್ವಿಚ್ಚನ್ನಿಟ್ಟು, ಮಣೆ ಹಿಂದೆ ಸರಿದು ಅದನ್ನು ತಟ್ಟಿದ ಬಿಂದುವನ್ನೇ ಸೊನ್ನೆಯೆಂದು ಹಿಡಿಯುವರು. ಕಾರ್ಖಾನೆಯ ದೊಡ್ಡ ಯಂತ್ರಗಳಲ್ಲಿ ಬರಿಯ ಎಣಿಕೆಯನ್ನು ನಂಬದೆ, ದಂಡ ನಿಜವಾಗಿ ಎಷ್ಟು ತಿರುಗಿತೆಂಬುದನ್ನು ನೋಡಿ ಹಿಂದಿರುಗಿ ತಿಳಿಸುವ ಎನ್‌ಕೋಡರ್ ಎಂಬ ಸಾಧನವನ್ನು ಕೂಡಿಸುತ್ತಾರೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೂ ಅಳತೆಯಿಲ್ಲದೆ ನಡೆಯದು.

ಭಾಷೆಯ ಪ್ರಶ್ನೆ ಇಲ್ಲಿ ಎದ್ದೇ ಏಳುವುದು. ಇಂತಹ ವಿದ್ಯೆ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಂಬ ಮಾತು ನಮ್ಮ ಮಕ್ಕಳ ಕಿವಿಗೆ ನಿತ್ಯವೂ ಬೀಳುತ್ತಿದೆ, ಮನೆಯವರೇ ಹೇಳುತ್ತಾರೆ. ನಾವೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು. ಆದುದರಿಂದ ಈ ಮಾತಿನ ನೋವು ನಮಗೆ ಪರಿಚಿತ. ಇಂಗ್ಲಿಷ್ ಬೇಡವೆನ್ನುವ ಅವಿವೇಕವನ್ನು ನಾವು ಮಾಡಲಾರೆವು. ಡಿಪ್ಲೊಮಾ ಓದಬೇಕಾದರೆ ಅದು ಬೇಕು, ಮಾಹಿತಿಪತ್ರ ಓದಬೇಕಾದರೂ ಬೇಕು. ಆದರೆ ತಿರುಪಿಗೆ ಯಾವ ಭಾಷೆ? ಹಲ್ಲುಗಳನ್ನು ಎಣಿಸುವುದಕ್ಕೆ ಯಾವ ಮಾಧ್ಯಮ? ಈ ಊರಿನ ವರ್ಕ್‌ಶಾಪಿನಲ್ಲಿ ತಿರುಪಿನ ಎಳೆಗೆ ಚೂಡಿ ಎನ್ನುವರು. ಅದು ಬಳೆಗೆ ಉರ್ದು ಹಿಂದಿಗಳಲ್ಲಿರುವ ಹೆಸರು, ತಿರುಪಿನ ಸುತ್ತುಗಳನ್ನು ಬಳೆಗಳೆಂದು ಕಂಡ ಕಣ್ಣು ಎಷ್ಟು ರಸಿಕವಾದುದು! ಆ ಮಿಸ್ತ್ರಿಗಳು ಇಂಗ್ಲಿಷಿನ ಅಪ್ಪಣೆಗಾಗಿ ಕಾಯಲಿಲ್ಲ. ಪ್ರೋಗ್ರಾಮಿನ ಆಜ್ಞಾಶಬ್ದಗಳು ಇಂಗ್ಲಿಷಿನವಾದರೂ ಆರಂಭಕ್ಕೆ ಬೇಕಾಗುವವು ಹತ್ತು ಹದಿನೈದು ಮಾತ್ರ. 2008ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಿಂದೀಚೆಗೆ, ಪ್ರೋಗ್ರಾಮಿನೊಳಗೆ ನಾವು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಹೆಜ್ಜೆ, ಸುತ್ತು, ದೂರ ಎಂದು ಬರೆದರೆ ಕಂಪ್ಯೂಟರು ಮುನಿಸಿಕೊಳ್ಳದೆ ಲೆಕ್ಕ ಮಾಡಿಕೊಡುವುದು. ದೂರವನ್ನು ತಿರುಪಿನ ಅಂತರದಿಂದ ಭಾಗಿಸಿ ಸುತ್ತಿನ ಹೆಜ್ಜೆಗಳಿಂದ ಗುಣಿಸು ಎಂಬ ವಾಕ್ಯ ಕನ್ನಡದಲ್ಲಿ ತಿಳಿದಿಲ್ಲದವನಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟರೂ ತಿಳಿಯದು. ತಿಳಿದವನು ಇಂಗ್ಲಿಷಿಗೆ ಹೊರಳಿಸಿಕೊಳ್ಳಲು ಒಂದು ವಾರ ಸಾಕು.

ಖರ್ಚಿನ ಆಕ್ಷೇಪವನ್ನು ನಾವು ಅಷ್ಟಾಗಿ ಗಣಿಸುವುದಿಲ್ಲ. ಥರ್ಮೊಕೋಲಿನಲ್ಲಿ ಕಟ್ಟಿ, ಬಣ್ಣ ಬಳಿದು, ಮಾರನೆಯ ದಿನ ಕಸಕ್ಕೆ ಹಾಕುವ ಜ್ವಾಲಾಮುಖಿಗಳಿಗೆ ಮಕ್ಕಳ ಪೋಷಕರು ಪ್ರತಿವರ್ಷ ಇದಕ್ಕಿಂತ ಕಡಮೆ ವೆಚ್ಚ ಮಾಡುತ್ತಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲವೆಂಬ ಆಕ್ಷೇಪ ಹೆಚ್ಚು ಗಂಭೀರವಾದುದು. ಅಂಕಗಳಿಲ್ಲ, ನಿಜ. ಆದರೆ ಸ್ಕ್ರೂಗೇಜಿನ ಕನಿಷ್ಠ ಅಳತೆ, ಅನುಪಾತ, ದಶಮಾಂಶ, ವಿದ್ಯುತ್ತಿನ ಕಾಂತೀಯ ಪರಿಣಾಮ, ಇವೆಲ್ಲ ಪರೀಕ್ಷೆಯ ವಿಷಯಗಳೇ ಆಗಿದ್ದು, ಒಂದೇ ಮಣೆಯ ಮೇಲೆ ಕೂಡಿ ಕುಳಿತಿವೆ.

ಮುಂದಿನ ವರ್ಷದ ನಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿ ಒಂಬತ್ತನೆಯ ತರಗತಿಯವರು ಇಂತಹ ಒಂದು ಮಣೆಯನ್ನು ಮಾಡಬೇಕೆಂಬುದು ನಮ್ಮ ಸಲಹೆ. ಸಿದ್ಧಪೆಟ್ಟಿಗೆಯನ್ನು ಕೊಳ್ಳಕೂಡದು. ಮಣೆಯ ಪಕ್ಕದಲ್ಲಿ ಒಂದು ಕಾಗದವಿರಬೇಕು. ಎಡಗಡೆಗೆ ಕಂಪ್ಯೂಟರು ಎಣಿಸಿ ಹೇಳಿದ ದೂರ, ಬಲಗಡೆಗೆ ಮಕ್ಕಳು ಪಟ್ಟಿಯಿಂದ ಅಳೆದ ದೂರ, ಹತ್ತು ಸಲ ಮುಂದಕ್ಕೆ, ಹತ್ತು ಸಲ ಹಿಂದಕ್ಕೆ. ಎರಡಕ್ಕೂ ಇರುವ ವ್ಯತ್ಯಾಸದ ಕಾರಣವನ್ನು ಕನ್ನಡದಲ್ಲಿ ಬರೆದು ತೂಗುಹಾಕಬೇಕು. ತೀರ್ಪುಗಾರರು ಮೊದಲು ಆ ಕಾಗದವನ್ನು ಓದಿ, ಆಮೇಲೆ ಗುಂಡಿಯನ್ನು ಒತ್ತಿಸಲಿ. ಕಚೇರಿಯ ಅಟ್ಟದ ಮೇಲೆ ಕೆಟ್ಟುಹೋದ ಪ್ರಿಂಟರೊಂದು ಧೂಳು ತಿನ್ನುತ್ತಿದೆ. ಅದರಲ್ಲಿ ನುಣುಪಾದ ಉಕ್ಕಿನ ಕಂಬಿ ಖಂಡಿತವಾಗಿ ಸಿಗುವುದು, ಅದೃಷ್ಟವಿದ್ದರೆ ಒಂದೆರಡು ಮೋಟಾರೂ ಸಿಗಬಹುದು. ಅದನ್ನು ಬಿಚ್ಚುವುದಕ್ಕೆ ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟಿದ್ದಾರೆ. ಇಷ್ಟವುಳ್ಳವರು ಶನಿವಾರ ಮಧ್ಯಾಹ್ನದ ಗಂಟೆಯ ತರುವಾಯ ವಿಜ್ಞಾನದ ಕೋಣೆಗೆ ಬರಬಹುದು; ಸ್ಕ್ರೂಡ್ರೈವರನ್ನೂ ಒಂದು ಉಕ್ಕಿನ ಪಟ್ಟಿಯನ್ನೂ ಮನೆಯಿಂದ ತರುವುದು.